‘ತಿಪ್ಟೂರು’ ಅಂತ ಬರೆದ ಮಗುವಿಗೆ ಎಷ್ಟು ಅಂಕ? ಕನ್ನಡ ಕಾಗುಣಿತ ಕಲಿಕೆಯ ಬಗ್ಗೆ ತಿಳಿದಿರಬೇಕಾದ್ದು

ದಸರಾ ರಜೆಗೆ ಊರಿಗೆ ಹೋಗಿದ್ದಾಗ ಅಕ್ಕನ ಮಗಳ ಉಕ್ತಲೇಖನದ ಪುಸ್ತಕ ಕೈಗೆ ಸಿಕ್ಕಿತು. ಎರಡನೇ ಕ್ಲಾಸು. ಹತ್ತು ಪದಕ್ಕೆ ನಾಲ್ಕು ಸರಿ. ತಪ್ಪಾದ ಆರರಲ್ಲಿ ಒಂದು ಅವಳ ಊರಿನದೇ ಹೆಸರು. ‘ತಿಪ್ಟೂರು’ ಅಂತ ಬರೆದಿದ್ದಳು. ಅದರ ಮೇಲೆ ಕೆಂಪು ಇಂಕಿನ ಗೀಟು, ಪಕ್ಕದಲ್ಲಿ ‘10 ಸಲ ಬರೆ’. ಹತ್ತು ಸಲ ಬರೆದೂ ಇದ್ದಳು. ಏಳನೇ ಸಾಲಿನಿಂದ ಅದು ‘ತಿಪಟುರು’ ಆಗಿತ್ತು.

ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ ಕೂಗೋದು ‘ತಿಪ್ಟೂರ್, ತಿಪ್ಟೂರ್’ ಅಂತಲೇ. ತುರುವೇಕೆರೆ ನಮ್ಮ ಬಾಯಲ್ಲಿ ತುರ್ವೇಕೆರೆ, ಚಿಕ್ಕನಾಯಕನಹಳ್ಳಿ ಚಿಕ್ನಾಯ್ಕನಳ್ಳಿ. ಮಗು ಕೇಳಿದ್ದನ್ನ ಕೇಳಿದ ಹಾಗೆ ಬರೆದಿದೆ. ಅಷ್ಟೇ ಅಲ್ಲ, ‘ಪ’ಗೆ ‘ಟ’ ಒತ್ತು ಕೊಟ್ಟು, ಮೇಲೆ ಕೊಂಬಿನ ದೀರ್ಘ ಎಳೆದು ‘ಪ್ಟೂ’ ಬರೆಯೋದು ‘ಪಟೂ’ ಬರೆಯೋದಕ್ಕಿಂತ ಕಷ್ಟದ ಕೆಲಸ. ಕಷ್ಟದ್ದನ್ನ ಸರಿಯಾಗಿ ಮಾಡಿದ್ದಕ್ಕೆ ಸಿಕ್ಕಿದ್ದು ಸೊನ್ನೆ.

ಈ ಬರಹ ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವವರಿಗೆ, ಸಂಜೆ ಟ್ಯೂಷನ್ ಮಾಡುವ ಡಿಗ್ರಿ ಹುಡುಗ-ಹುಡುಗಿಯರಿಗೆ, ಎಸ್‌ಡಿಎಂಸಿ ಸಭೆಗೆ ಹೋಗಿ ಸುಮ್ಮನೆ ಸಹಿ ಹಾಕಿ ಬರುವವರಿಗೆ. ಮಕ್ಕಳ ಕಾಗುಣಿತದ ತಪ್ಪುಗಳೆಲ್ಲ ಒಂದೇ ಥರದವಲ್ಲ. ಕೆಲವು ಬರಹದ ಕಟ್ಟಡ ಇನ್ನೂ ಗೊತ್ತಾಗದೆ ಆಗುವಂಥವು. ಕೆಲವು ಮನೆಮಾತಿನಿಂದ ಬರುವಂಥವು. ಇನ್ನು ಕೆಲವು ಬರೀ ನೆನಪಿನ ಮೇಲೆ ನಿಂತಿರುವಂಥವು. ಮೂರಕ್ಕೂ ಒಂದೇ ಕೆಂಪು ಪೆನ್ನು, ಒಂದೇ ‘10 ಸಲ ಬರೆ’ ಅನ್ನೋದು ಎಲ್ಲಾ ಜ್ವರಕ್ಕೂ ಒಂದೇ ಮಾತ್ರೆ ಕೊಟ್ಟ ಹಾಗೆ.

ಬರೆದ ಹಾಗೆ ಓದೋ ಭಾಷೆ, ಸರಿ. ಆಮೇಲೆ?

‘ಕನ್ನಡಕ್ಕೆ ಸ್ಪೆಲಿಂಗ್ ಇಲ್ಲ, ಮಾತಾಡಿದ ಹಾಗೆ ಬರೆಯೋದು, ಬರೆದ ಹಾಗೆ ಓದೋದು’ ಅಂತ ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿರ್ತೀರಿ. ಓದುವ ಕಡೆಯಿಂದ ಇದು ಹೆಚ್ಚುಕಡಿಮೆ ನಿಜ. ಬರೆಯುವ ಕಡೆಯಿಂದ ಅರ್ಧ ನಿಜ.

ಇಂಗ್ಲಿಷಿನ ಕಷ್ಟ ಬೇರೆ ಥರದ್ದು. ಅಲ್ಲಿರೋದು 26 ಅಕ್ಷರ, ಆದರೆ ಯಾವ ಸದ್ದಿಗೆ ಯಾವ ಅಕ್ಷರ ಅನ್ನೋದಕ್ಕೆ ನಿಯಮವೇ ನಿಲ್ಲೋದಿಲ್ಲ. ಸೆಮೋರ್ ಮತ್ತು ಸಂಗಡಿಗರು 2003ರಲ್ಲಿ ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿ ನೋಡಿದರು. ಫಿನ್ನಿಶ್‌ನಂಥ ಭಾಷೆಯ ಮಕ್ಕಳು ಮೊದಲ ವರ್ಷದಲ್ಲೇ ಓದಿನ ಬುನಾದಿ ಹಾಕಿಕೊಂಡಿದ್ದರೆ, ಇಂಗ್ಲಿಷಿನ ಮಕ್ಕಳಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಸಮಯ ಬೇಕಾಗಿತ್ತು. ಹಾಗಾದರೆ ಕನ್ನಡದ ಮಕ್ಕಳು ಫಿನ್ಲೆಂಡಿನ ಮಕ್ಕಳ ಥರ ಒಂದೇ ವರ್ಷಕ್ಕೆ ಕಲಿತುಬಿಡಬೇಕಲ್ಲ?

ಕಲಿಯಲ್ಲ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಕನ್ನಡದ ಮಕ್ಕಳಿಗೆ ಅಕ್ಷರ ಪೂರ್ತಿ ಕೈವಶ ಆಗೋದು ನಿಧಾನ, ಅದು ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತೆ. ಕಾರಣ ಮಕ್ಕಳಲ್ಲಿಲ್ಲ, ಲೆಕ್ಕದಲ್ಲಿದೆ. ಶಾಲೆಯ ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ ವ್ಯಂಜನ 34. ಒಂದೊಂದಕ್ಕೆ ಕ, ಕಾ, ಕಿ, ಕೀ ಅಂತ ಕಃವರೆಗೆ 15 ರೂಪ. ಗುಣಿಸಿದರೆ 510. ಒತ್ತಕ್ಷರ ಇನ್ನೂ ಶುರುವೇ ಆಗಿಲ್ಲ. ನಾಗ್ ಅವರು 2010ರಲ್ಲಿ ರೆಬೆಕ್ಕಾ ಟ್ರೀಮನ್, ಮಾರ್ಗರೆಟ್ ಸ್ನೋಲಿಂಗ್ ಜೊತೆ ಸೇರಿ ಕನ್ನಡದ ಕಾಗುಣಿತ ಕಲಿಕೆಯ ಮೇಲೇ ಒಂದು ಪ್ರಬಂಧ ಬರೆದಿದ್ದಾರೆ. ಇಂಗ್ಲಿಷಿನ ಮೇಲೆ ರಾಶಿಗಟ್ಟಲೆ ಇರುವ ಇಂಥ ಕೆಲಸ ನಮ್ಮ ಭಾಷೆಯ ಮೇಲೆ ಬೆರಳೆಣಿಕೆಯಷ್ಟು.

ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಉಂಡೆ ಕೊಬ್ಬರಿ ಆಗಲಿ ಅಂತ ಹತ್ತು-ಹನ್ನೊಂದು ತಿಂಗಳು ಕಾಯ್ತೀವಿ. ಮಧ್ಯೆ ಯಾರೂ ಒಡೆದು ನೋಡಲ್ಲ. ಅದೇ ಜನ ಒಂದನೇ ಕ್ಲಾಸಿನ ಕೂಸಿಗೆ ಒತ್ತಕ್ಷರ ಬರಲಿಲ್ಲ ಅಂತ ದೀಪಾವಳಿಗೇ ಶಾಲೆ ಬದಲಾಯಿಸೋ ಮಾತಾಡ್ತೀವಿ.

ಕಿವಿಯ ಕ್ರಮ ಒಂದು, ಕೈಯ ಕ್ರಮ ಇನ್ನೊಂದು

‘ಕ ಗುಡಿಸು ಕಿ, ಕ ಕೊಂಬು ಕು, ಕ ಎತ್ವ ಕೆ’ ಅಂತ ರಾಗವಾಗಿ ಒಪ್ಪಿಸೋ ಮಗು ‘ಕಿಟಕಿ’ ಬರೆ ಅಂದರೆ ತಡವರಿಸುತ್ತೆ. ರಾಗ ಬಾಯಿಗೆ ಬಂದಿದೆ. ಆದರೆ ‘ಕಿ’ ಅನ್ನೋದು ಕ್ ಮತ್ತು ಇ ಎರಡೂ ಸೇರಿದ್ದು, ಅದೇ ಇ ‘ಟಿ’ಯಲ್ಲೂ ‘ಗಿ’ಯಲ್ಲೂ ಇದೆ ಅನ್ನೋದು ತಲೆಗೆ ಬಂದಿಲ್ಲ. ಅದು ಬಂದ ದಿನ 510 ರೂಪದ ಬಾಯಿಪಾಠ ಬೇಕಾಗಲ್ಲ. 34 ವ್ಯಂಜನ, ಹದಿನೈದರಷ್ಟು ಚಿಹ್ನೆ ಸಾಕು.

ಪೂರ್ತಿ ಸಾಕಾ ಅಂದರೆ, ಅದೂ ಇಲ್ಲ. ಚಿಹ್ನೆಗಳು ಎಲ್ಲ ಕಡೆ ಒಂದೇ ಥರ ಕೂರಲ್ಲ. ‘ಕು’ನಲ್ಲಿ ಪಕ್ಕಕ್ಕೆ ಬರುವ ಕೊಂಬು ‘ಪು’, ‘ವು’ನಲ್ಲಿ ಬುಡದಿಂದ ಹೊರಡುತ್ತೆ. ‘ವ’ಗೆ ಪಕ್ಕದಲ್ಲೇ ಕೊಂಬು ಹಾಕಿದರೆ ಅದು ‘ಮ’ ಥರ ಕಾಣುತ್ತೆ. ‘ಹಾವು’ ಅನ್ನೋದನ್ನ ‘ಹಾಮ’ ಅಂತ ಬರೆದ ಮಗುವಿಗೆ ನಿಯಮ ಗೊತ್ತಿದೆ, ವಿನಾಯಿತಿ ಗೊತ್ತಿಲ್ಲ. ‘ಮೊ’, ‘ಯೊ’ಗಳಂತೂ ತಮ್ಮದೇ ದಾರಿ ಹಿಡಿದಿವೆ.

ನಾನು ಇಂಜಿನಿಯರಿಂಗ್ ಓದಿದವನು. ಅದು ನನಗೆ ಕೊಟ್ಟ ಕೆಲವೇ ಉಪಯೋಗಗಳಲ್ಲಿ ಒಂದು ಇಲ್ಲಿದೆ. ಯೂನಿಕೋಡ್ ಪಟ್ಟಿ ತೆಗೆದು ನೋಡಿದರೆ ‘ಕೋ’ನಲ್ಲಿರುವ ಓತ್ವವನ್ನು ಮೂರು ತುಂಡಾಗಿ ಬಿಡಿಸಿ ತೋರಿಸುತ್ತೆ: ಎತ್ವ, ಕೊಂಬಿನ ದೀರ್ಘ, ಕೊನೆಗೊಂದು ದೀರ್ಘದ ಗೆರೆ. ಕಿವಿಗೆ ಒಂದೇ ಸದ್ದು, ಕೈಗೆ ಮೂರು ಕೆಲಸ. ‘ತೋಟ’ವನ್ನು ‘ತೊಟ’ ಅಂತ ಬರೆಯುವ ಮಗು ಮೂರರಲ್ಲಿ ಎರಡು ಮಾಡಿದೆ.

ಈಗ ‘ಆಸ್ತಿ’ ತಗೊಳ್ಳಿ. ಕೇಳಿಸೋದು ಆ, ಸ್, ತ್, ಇ. ಕಂಪ್ಯೂಟರ್ ಒಳಗೆ ಕೂತಿರೋದೂ ಇದೇ ಕ್ರಮದಲ್ಲಿ: ಸ, ಅರ್ಧ ಮಾಡುವ ಗುರುತು, ತ, ಆಮೇಲೆ ಗುಡಿಸು. ಆದರೆ ಪರದೆ ಮೇಲೆ ಗುಡಿಸು ಹೋಗಿ ಕೂರೋದು ಮೇಲಿನ ‘ಸ’ ಮೇಲೆ, ‘ತ’ ಕೆಳಗೆ ಒತ್ತಾಗುತ್ತೆ. ಈ ಅದಲುಬದಲು ಮಾಡೋದು ಫಾಂಟಿನ ಕೆಲಸ. ಮಗುವಿಗೆ ಫಾಂಟ್ ಇಲ್ಲ. ಕೇಳಿದ ಕ್ರಮವನ್ನು ತಲೆಯಲ್ಲೇ ತಿರುಗಿಸಿ, ‘ಸಿ’ ಅಂತ ಬರೆದು, ಕೆಳಗೆ ‘ತ’ ಸೇರಿಸಬೇಕು. ‘ಸಿ’ ಅನ್ನೋ ಸದ್ದು ಆ ಪದದಲ್ಲಿ ಎಲ್ಲೂ ಇಲ್ಲ!

ಅರ್ಕಾವತ್ತು ಇನ್ನೂ ಒಂದು ಹೆಜ್ಜೆ ಮುಂದೆ. ‘ಕರ್ನಾಟಕ’ದಲ್ಲಿ ರ್ ಮೊದಲು ಕೇಳಿಸುತ್ತೆ, ‘ನಾ’ ಆಮೇಲೆ. ಬರೆಯೋವಾಗ ‘ನಾ’ ಮೊದಲು, ರ್ ಆಮೇಲೆ. ತನ್ನ ರಾಜ್ಯದ ಹೆಸರು ಬರೆಯೋಕೇ ಮಗು ಕಿವಿಯ ಮಾತು ಕೇಳಬಾರದು. ‘ಕನಾಟಕ’, ‘ಕರನಾಟಕ’ ಅಂತ ಬರೆದವರಿಗೆ ಬೈಯುವ ಮೊದಲು ಇಷ್ಟು ಯೋಚಿಸಿ. ‘ಕರನಾಟಕ’ ಬರೆದ ಮಗುವಿನ ಕಿವಿ ಚೆನ್ನಾಗಿದೆ, ರ್ ಅದಕ್ಕೆ ಕೇಳಿಸಿದೆ. ‘ಕನಾಟಕ’ದ ಮಗುವಿಗೆ ರ್ ಎಲ್ಲಿಡಬೇಕು ಅಂತ ಗೊತ್ತಾಗದೆ ಬಿಟ್ಟಿರಬಹುದು, ಕೇಳಿಸದೆಯೂ ಇರಬಹುದು. ಬಾಯಲ್ಲಿ ಹೇಳಿಸಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ.

‘ಹಾಸ್ಪತ್ರೆ’ಯ ಕಥೆ

ಎರಡನೇ ಥರದ ತಪ್ಪಿಗೆ ಬರೋಣ. ಇದು ಕಾಗುಣಿತಕ್ಕಿಂತ ಸಮಾಜಶಾಸ್ತ್ರ.

ನಾನು ಮೂರನೇ ಕ್ಲಾಸಲ್ಲಿದ್ದಾಗ ‘ಹಳ್ಳಿ’ಯನ್ನು ‘ಅಳ್ಳಿ’ ಅಂತ ಬರೆದಿದ್ದಕ್ಕೆ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ನನ್ನ ಬಾಯಲ್ಲಿ ಅದನ್ನ ಹೇಳಿಸಿ ನಗಿಸಿದ್ದರು. ಯಾವ ಶಾಲೆ ಅನ್ನೋದು ಬೇಡ. ನಮ್ಮ ಮನೆಯಲ್ಲಿ ಹಾಲು ಆಲೇ, ಹಸು ಅಸುವೇ. ಅವಮಾನ ಆದಮೇಲೆ ನಾನು ಜಾಗ್ರತೆಯಾದೆ. ಎಲ್ಲಿ ಅ ಕಂಡರೂ ಹ ಹಾಕೋಕೆ ಶುರು ಮಾಡಿದೆ. ಮುಂದಿನ ತಿಂಗಳು ‘ಹಾಸ್ಪತ್ರೆ’ ಬರೆದು ಮತ್ತೆ ನಗೆಪಾಟಲಾದೆ. ‘ಆದರದ ಸ್ವಾಗತ’ ‘ಹಾದರದ ಸ್ವಾಗತ’ ಆದ ಹಳೇ ಜೋಕು ನಿಮಗೆ ಗೊತ್ತಿರುತ್ತೆ. ಅದರಲ್ಲಿ ನಗುವವರು ಯಾರು, ನಗೆಗೀಡಾಗುವವರು ಯಾರು ಅಂತ ಯೋಚಿಸಿ ನೋಡಿ. ಹೆದರಿದ ಮಗು ಸರಿ ಮಾಡೋಕೆ ಹೋಗಿ ಮಾಡುವ ತಪ್ಪು ಅದು.

ಹಳೇ ಮೈಸೂರು ಕಡೆಯ ಬಹಳಷ್ಟು ಮನೆಗಳಲ್ಲಿ ಪದದ ಮೊದಲ ಹ ಇಲ್ಲ. ಪದದ ನಡುವಿನ ಅ, ಇ, ಉ ಬಿದ್ದುಹೋಗುತ್ತೆ: ಎಳನೀರು ಎಳ್ನೀರು, ಬರುತ್ತಾನೆ ಬರ್ತಾನೆ. ಮಹಾಪ್ರಾಣವಂತೂ ರಾಜ್ಯದ ಬಹುತೇಕರ ಬಾಯಲ್ಲೇ ಇಲ್ಲ. ಬಾರತ ಅಂತಲೇ ಹೇಳ್ತೀವಿ, ಭಾರತ ಅಂತ ಬರೀತೀವಿ. ಶ, ಷಗಳ ವ್ಯತ್ಯಾಸವನ್ನು ಕಿವಿಯಿಂದ ಹಿಡಿಯಬಲ್ಲವರು ಎಷ್ಟು ಜನ? ಮನೆಯಲ್ಲಿ ಪುಸ್ತಕದ ಕನ್ನಡಕ್ಕೆ ಹತ್ತಿರದ ಮಾತಾಡುವ ಮಕ್ಕಳಿಗೆ ಇದರಲ್ಲಿ ಅರ್ಧ ಪಾಠ ತೊಟ್ಟಿಲಲ್ಲೇ ಆಗಿರುತ್ತೆ. ಉಳಿದವರು ಶಾಲೆಗೆ ಬಂದು ಅದನ್ನ ಎರಡನೇ ಭಾಷೆಯ ಹಾಗೆ ಕಲೀಬೇಕು. ಆದರೆ ಅಂಕ ಇಬ್ಬರಿಗೂ ಒಂದೇ ತಕ್ಕಡಿಯಲ್ಲಿ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಅವರ ಹೊಸಬರಹದ ವಾದ ಹುಟ್ಟಿದ್ದು ಇಲ್ಲಿಂದಲೇ. ಕನ್ನಡಿಗರು ಉಚ್ಚರಿಸದ ಮಹಾಪ್ರಾಣ, ಋ, ಷ ಮುಂತಾದವನ್ನು ಕೈಬಿಟ್ಟರೆ ಬರಹ ಎಲ್ಲರದ್ದಾಗುತ್ತೆ ಅಂದರು. ತಮ್ಮ ಹೆಸರನ್ನೂ ‘ಬಟ್’ ಅಂತಲೇ ಬರೆದರು. ಕರ್ನಾಟಕದ ಅರ್ಕಾವತ್ತೂ ಆ ಬರಹದಲ್ಲಿಲ್ಲ, ರ ಬರೆದು ಕೆಳಗೆ ನ ಒತ್ತು ಕೊಡ್ತಾರೆ, ಕಿವಿಯ ಕ್ರಮದಲ್ಲೇ. ಅವರ ರೋಗನಿರ್ಣಯ ನನಗೆ ಒಪ್ಪಿಗೆ, ಔಷಧಿ ಬಗ್ಗೆ ಅನುಮಾನ. ಪರೀಕ್ಷೆ, ಪತ್ರಿಕೆ, ಸರ್ಕಾರಿ ಆದೇಶ ಎಲ್ಲವೂ ಹಳೇ ಬರಹದಲ್ಲೇ ಇರುವಾಗ ನಮ್ಮೂರ ಮಗು ಮಾತ್ರ ಹೊಸಬರಹ ಕಲಿತರೆ ಬಾಗಿಲು ಮುಚ್ಚೋದು ಅದಕ್ಕೇ. ಆಧಾರ್‌ನಲ್ಲಿ ಹೆಸರು ಒಂದು ಥರ, ಪಹಣಿಯಲ್ಲಿ ಇನ್ನೊಂದು ಥರ ಇದ್ದು ನಾಡಕಚೇರಿಗೆ ಅಲೆದವರಿಗೆ ಒಂದು ಅಕ್ಷರದ ಬೆಲೆ ಗೊತ್ತು.

ಅಂದಹಾಗೆ, ದೊಡ್ಡವರೇನೂ ಒಂದು ತೀರ್ಮಾನಕ್ಕೆ ಬಂದಿಲ್ಲ. ‘ತಾಲೂಕು’ ಮತ್ತು ‘ತಾಲ್ಲೂಕು’ ಎರಡೂ ಬೋರ್ಡುಗಳ ಮೇಲಿವೆ. ಬಿ.ಎಂ.ಶ್ರೀ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ.ನಂ.ಶ್ರೀ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಇಬ್ಬರು ಮಹಾ ಕನ್ನಡ ಮೇಷ್ಟ್ರುಗಳನ್ನು ಕೊಟ್ಟ ಸೀಮೆಯಲ್ಲೇ ತಾಲ್ಲೂಕಿಗೆ ಎಷ್ಟು ಲ ಅನ್ನೋದು ಬಗೆಹರಿದಿಲ್ಲ.

ಮನೆಯಲ್ಲಿ, ಕ್ಲಾಸಲ್ಲಿ ಏನು ಮಾಡಬಹುದು

ಮೊದಲು ಕಿವಿ, ಆಮೇಲೆ ಕೈ. ಬಳೆ-ಬಾಳೆ, ಕುಡಿ-ಕೂಡಿ, ಕೊಡು-ಕೋಡು, ಕತೆ-ಕತ್ತೆ, ಹಳಿ-ಹಳ್ಳಿ ಇಂಥ ಜೋಡಿಗಳನ್ನು ಹೇಳಿ, ಎರಡೂ ಒಂದೇನಾ ಬೇರೆನಾ ಅಂತ ಕೇಳಿ. ಪುಸ್ತಕ ಬೇಡ, ಪೆನ್ಸಿಲ್ ಬೇಡ. ತೋಟಕ್ಕೆ ಹೋಗುವ ದಾರಿಯಲ್ಲಿ, ಬೈಕಿನ ಮೇಲೆ ಆಡೋ ಆಟ ಇದು. ಬೇರೆ ಅಂತ ಕೇಳಿಸದ ಮಗುವಿಗೆ ದೀರ್ಘದ ಚಿಹ್ನೆ ನೂರು ಸಲ ಬರೆಸಿದರೂ ಅದು ಬರೀ ಗೆರೆ.

ಪದಗಳನ್ನು ಮಗುವಿನ ಸುತ್ತಲಿಂದ ತಗೊಳ್ಳಿ. ನಮ್ಮ ಸೀಮೆಯಲ್ಲಿ ಇದಕ್ಕೆ ಬರ ಇಲ್ಲ. ಮರ, ಬುಡ, ಗರಿ, ಕಾಯಿ, ನಾರು, ತೋಟ, ಇವುಗಳಲ್ಲಿ ಒತ್ತಿಲ್ಲ. ಆಮೇಲೆ ಸೊನ್ನೆ ಇರುವ ತೆಂಗು, ಹೊಂಬಾಳೆ. ಆಮೇಲೆ ಅದೇ ಅಕ್ಷರದ ಒತ್ತು: ಅಟ್ಟ, ಮಟ್ಟೆ, ಚಿಪ್ಪು, ಕೊಬ್ಬರಿ. ಕೊನೆಗೆ ಬೇರೆ ಅಕ್ಷರದ ಒತ್ತು: ಕ್ವಿಂಟಾಲ್, ಮಾರ್ಕೆಟ್ಟು. ವ್ಯಾಕರಣದಲ್ಲಿ ಇವನ್ನು ಸಜಾತೀಯ, ವಿಜಾತೀಯ ಒತ್ತಕ್ಷರ ಅಂತಾರೆ. ಒತ್ತಕ್ಷರಕ್ಕೂ ಜಾತಿ ಹಚ್ಚಿದವರು ನಾವು. ವಿಜಾತೀಯ ಅಂದರೆ ಮಕ್ಕಳು ಹೆದರೋದರಲ್ಲಿ ಆಶ್ಚರ್ಯ ಇಲ್ಲ.

ಹತ್ತು ಸಲ ನೋಡಿ ಬರೆಯೋದರ ಬದಲು ಒಂದು ಸಲ ನೋಡಿ, ಮುಚ್ಚಿ, ನೆನಪಿನಿಂದ ಬರೆದು, ತೆಗೆದು ತಾಳೆ ನೋಡೋದು ಸಾವಿರ ಪಾಲು ಮೇಲು. ನೋಡಿ ಬರೆಯುವಾಗ ಮೂರನೇ ಸಾಲಿಗೆ ಮನಸ್ಸು ಆಟದ ಬಯಲಿಗೆ ಹೋಗಿರುತ್ತೆ, ಕೈ ಮಾತ್ರ ಓಡುತ್ತೆ. ಏಳನೇ ಸಾಲಿಗೆ ‘ತಿಪಟುರು’ ಆಗಿದ್ದು ಹಾಗೇ. ನಾಳೆ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ ಅದೇ ಪದ ಕೇಳಿ.

ಮನೆಮಾತಿನ ತಪ್ಪಿಗೆ ‘ತಪ್ಪು’ ಅನ್ನಬೇಡಿ. ‘ನಾವು ಹೇಳೋದು ಎಳ್ನೀರು, ಪುಸ್ತಕದಲ್ಲಿ ಬರೆಯೋದು ಎಳನೀರು’ ಅನ್ನಿ. ನೋಟ್‌ಬುಕ್ಕಿನ ಹಾಳೆ ಮಧ್ಯೆ ಗೀಟು ಹೊಡೆದು ಎಡಗಡೆ ಬಾಯಿಮಾತು, ಬಲಗಡೆ ಬುಕ್ಕಿನ ಮಾತು ಬರೆಸಿ. ಮಕ್ಕಳೇ ಪದ ಹುಡುಕಿಕೊಂಡು ಬರ್ತಾರೆ. ಅಜ್ಜಿಯ ಬಾಯಿಂದ ಬರುವ ಒಂದೊಂದು ಪದವೂ ಅವರಿಗೆ ಬೇಟೆ. ಹ ಮತ್ತು ಅಗೆ ‘ಹಕ್ಕಿ-ಅಕ್ಕಿ’ ಥರ ಅರ್ಥ ಬದಲಾಗುವ ಜೋಡಿ ಸಾಕು, ನಗಿಸೋದು ಬೇಡ.

ಮಹಾಪ್ರಾಣ, ಶ-ಷ ಇವು ಮೂರನೇ ಥರದವು. ಕಿವಿಯಿಂದ ಗೊತ್ತಾಗಲ್ಲ, ಕಣ್ಣಿನ ನೆನಪೇ ದಾರಿ. ಇದಕ್ಕೆ ಅವಸರ ಬೇಡ. ವಿದ್ಯಾರ್ಥಿ, ಅರ್ಥ, ಪ್ರಾರ್ಥನೆ ಅಂತ ಒಂದೇ ಥ ಇರುವ ಪದಗಳನ್ನು ಒಟ್ಟಿಗೆ ತೋರಿಸಿ. ಹೆಚ್ಚು ಓದಿದಷ್ಟೂ ತಾನಾಗಿ ಕೂರುತ್ತೆ. ಪಂಚಾಯ್ತಿ ಲೈಬ್ರರಿಗಳಲ್ಲಿ 2020ರಿಂದ ‘ಓದುವ ಬೆಳಕು’ ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ನಿಮ್ಮೂರಿನದು ತೆಗೆದಿರುತ್ತಾ ಅಂತ ಒಮ್ಮೆ ಹೋಗಿ ನೋಡಿ.

ಎಲ್ಲಕ್ಕಿಂತ ಮುಖ್ಯ, ಮಗು ತನ್ನದೇ ಮಾತು ಬರೆಯಲಿ, ತಪ್ಪಾಗಿಯೇ ಬರೆಯಲಿ. ಅಮೆರಿಕದ ಚಾರ್ಲ್ಸ್ ರೀಡ್ 1971ರಲ್ಲೇ, ಶಾಲೆಗೆ ಹೋಗದ ಪುಟ್ಟ ಮಕ್ಕಳು ತಾವೇ ಕಟ್ಟಿಕೊಂಡ ಇಂಗ್ಲಿಷ್ ಸ್ಪೆಲಿಂಗುಗಳನ್ನು ಪರಿಶೀಲಿಸಿದ್ದರು. ‘ಟ್ರಕ್’ ಪದವನ್ನು ‘ಚ್ರಕ್’ ಅನ್ನುವಂತೆ ಬರೆಯುತ್ತಿದ್ದರು. ಬಾಯಲ್ಲಿ ನಿಧಾನಕ್ಕೆ ಹೇಳಿ ನೋಡಿ, ಸದ್ದು ನಿಜಕ್ಕೂ ಚ ಹತ್ತಿರವೇ ಇದೆ. ಮಕ್ಕಳ ತಪ್ಪಿನೊಳಗೆ ಒಂದು ಲೆಕ್ಕಾಚಾರ ಇರುತ್ತೆ. ಹತ್ತು ಸಾಲು ಬರೆದ ಮಗುವಿಗೆ ಹತ್ತು ಕೆಂಪು ಗೀಟು ಹಾಕಿದರೆ ನಾಳೆ ಮೂರು ಸಾಲು ಬರೆಯುತ್ತೆ, ಗೊತ್ತಿರೋ ಪದ ಮಾತ್ರ. ಈ ವಾರ ದೀರ್ಘ ಮಾತ್ರ ನೋಡ್ತೀನಿ, ಮುಂದಿನ ವಾರ ಒತ್ತು, ಅಂತ ಒಂದನ್ನೇ ಹಿಡಿದು ತಿದ್ದಿ.

ಮೂರು-ನಾಲ್ಕನೇ ಕ್ಲಾಸಿಗೆ ಬಂದರೂ ಸರಳ ಕಾಗುಣಿತವೇ ಹಿಡಿತಕ್ಕೆ ಸಿಗುತ್ತಿಲ್ಲ ಅಂದರೆ ಸೋಮಾರಿ ಅಂತ ಹಣೆಪಟ್ಟಿ ಕಟ್ಟುವ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಲಿಕಾ ತೊಂದರೆಗಳನ್ನು ನೋಡುವವರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಅದು ದಯೆಯಲ್ಲ, ಹಕ್ಕು.

ಶಾಲೆಗೆ ಏನು ಕೇಳಬೇಕು

ನಮ್ಮ ಸರ್ಕಾರಿ ಶಾಲೆಗಳಲ್ಲಿ ಇದಕ್ಕೊಂದು ಒಳ್ಳೆಯ ಉತ್ತರ ಆಗಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ, 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಚಿಕ್ಕ ಕ್ಲಾಸುಗಳಿಗೆ ಬಂತು. ಅಲ್ಲಿ ಅ ಆ ಇ ಈ ಇಂದ ಶುರು ಮಾಡಲ್ಲ. ಬರೆಯೋಕೆ ಸುಲಭವಾದ, ಆಕಾರ ಹೋಲುವ ರ, ಗ, ಸ, ದ, ಅ ಮೊದಲು. ಐದು ಅಕ್ಷರ ಬಂದ ಕೂಡಲೇ ಸರ, ಅಗಸ, ಅರಸ, ಗರಗಸ ಓದಬಹುದು, ಬರೆಯಬಹುದು. ‘ಒಂದನೇ ಕ್ಲಾಸು ಮುಗೀತು, ಇನ್ನೂ ಅಆಇಈ ಬಾಯಿಪಾಠ ಬರಲ್ಲ’ ಅಂತ ದೂರುವ ಪೋಷಕರಿಗೆ ಇದನ್ನ ಯಾರೂ ಬಿಡಿಸಿ ಹೇಳಿಲ್ಲ.

ಕಷ್ಟ ಇರೋದು ಇನ್ನೊಂದು ಕಡೆ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ ‘ತಟ್ಟೆ’ಗಳಲ್ಲಿ ಕೂರ್ತಾರೆ, ಒಬ್ಬೊಬ್ಬರು ಒಂದೊಂದು ಮೆಟ್ಟಿಲಲ್ಲಿರ್ತಾರೆ. ಪ್ರತಿ ಮಗುವಿನ ತಪ್ಪು ಯಾವ ಥರದ್ದು ಅಂತ ಟೀಚರ್ ನೋಡಬೇಕು. ಇಬ್ಬರೇ ಟೀಚರ್ ಇರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಸಭೆಗೋ ಸಮೀಕ್ಷೆಗೋ ಹೋದರೆ ಉಳಿದೊಬ್ಬರು ಐದು ಕ್ಲಾಸು ನೋಡಿಕೊಂಡು, ಹಾಲು-ಮೊಟ್ಟೆ ಲೆಕ್ಕ ಬರೆದು, ಆಮೇಲೆ ‘ಹಾ’ಮ ಯಾಕೆ ‘ಹಾವು’ ಆಗಲಿಲ್ಲ ಅಂತ ಯೋಚಿಸಬೇಕು. ‘10 ಸಲ ಬರೆ’ ಅನ್ನೋದು ಕ್ರೌರ್ಯವಲ್ಲ, ಸಮಯ ಇಲ್ಲದವರ ಶಾರ್ಟ್‌ಕಟ್.

2022ರ ಪಠ್ಯಪುಸ್ತಕದ ಜಗಳ ನೆನಪಿರಬೇಕು. ರೋಹಿತ್ ಚಕ್ರತೀರ್ಥ ಸಮಿತಿ, ಹೆಡ್ಗೇವಾರ್ ಪಾಠ, ಬಸವಣ್ಣನವರ ಪಾಠದ ತಿದ್ದುಪಡಿ. ಆಗ ಶಿಕ್ಷಣ ಸಚಿವರಾಗಿದ್ದ ಬಿ.ಸಿ. ನಾಗೇಶ್ ಆಗ ನಮ್ಮ ತಿಪಟೂರಿನದೇ ಶಾಸಕರಾಗಿದ್ದರು. ಆ ಜಗಳ ಆಡಬೇಕಿತ್ತು, ಆಡಿದ್ದೀವಿ, ನಾನೂ ಬರೆದಿದ್ದೆ. ಆದರೆ ಅದೇ ವರ್ಷ ಕೋವಿಡ್‌ನಲ್ಲಿ ಶಾಲೆ ತಪ್ಪಿದ ಮಕ್ಕಳಿಗಾಗಿ ‘ಕಲಿಕಾ ಚೇತರಿಕೆ’ ನಡೀತಿತ್ತು. ಅದರಲ್ಲಿ ಎಷ್ಟು ಚೇತರಿಕೆ ಆಯ್ತು ಅಂತ ನಾವ್ಯಾರೂ ಬೀದಿಗಿಳಿದು ಕೇಳಲಿಲ್ಲ. ಬಸವಣ್ಣನ ಪಾಠದಲ್ಲಿ ಏನಿರಬೇಕು ಅಂತ ವಾದಿಸಿದೆವು, ಆ ಪಾಠ ಓದಿ ನಾಲ್ಕು ಸಾಲು ಬರೆಯೋಕೆ ಎಷ್ಟು ಮಕ್ಕಳಿಗೆ ಬರುತ್ತೆ ಅಂತ ಕೇಳಲಿಲ್ಲ.

ಕೇಳಿದ್ದರೂ ಸುಲಭಕ್ಕೆ ಉತ್ತರ ಸಿಗುತ್ತಿರಲಿಲ್ಲ. 2005ರಿಂದ ಬರುತ್ತಿರುವ, ಎಲ್ಲರೂ ಉಲ್ಲೇಖಿಸುವ ಅಸರ್ ವರದಿ ಅಕ್ಷರ, ಪದ, ಪ್ಯಾರಾ, ಕತೆ ಓದಿಸಿ ನೋಡುತ್ತೆ, ಲೆಕ್ಕ ಮಾಡಿಸುತ್ತೆ. ಕನ್ನಡದಲ್ಲಿ ಬರೆಸಿ ನೋಡಲ್ಲ. 2021ರ ಜುಲೈನಲ್ಲಿ ಶುರುವಾದ ನಿಪುಣ್ ಭಾರತ್ ಗುರಿ 2026-27ರೊಳಗೆ ಮೂರನೇ ಕ್ಲಾಸಿನ ಪ್ರತಿ ಮಗುವಿಗೂ ಓದು-ಬರಹದ ಬುನಾದಿ. ಹಾಗಾಗಿ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡಿಗೆ ಬಣ್ಣ ಯಾವಾಗ ಅಂತ ಕೇಳುವ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ. ಮೂರನೇ ಕ್ಲಾಸಿನ ಮಕ್ಕಳು ಈ ತಿಂಗಳು ಸ್ವಂತವಾಗಿ ಬರೆದ ಒಂದು ಪುಟ ತೋರಿಸ್ತೀರಾ? ನಲಿ-ಕಲಿ ಟೀಚರ್ ಈ ತಿಂಗಳು ಎಷ್ಟು ದಿನ ಕ್ಲಾಸಿನಿಂದ ಹೊರಗಿದ್ದರು?

ರಜೆ ಮುಗಿಸಿ ಬೆಂಗಳೂರಿಗೆ ಹೊರಟಾಗ ಅಕ್ಕನ ಮಗಳು ಸ್ಟೇಷನ್‌ವರೆಗೂ ಬಂದಿದ್ದಳು. ಪ್ಲಾಟ್‌ಫಾರಂ ತುದಿಯ ಹಳದಿ ಬೋರ್ಡ್ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಮಾಮ, ಇಲ್ಲೂ ‘ಪ’ ಪೂರ್ತಿ ಬರ್ದವ್ರೆ. ಹಂಗ್ಯಾರೂ ಅನ್ನಲ್ವಲ್ಲ?”

“ಅನ್ನಲ್ಲ ಕಣೆ. ಇದು ಬುಕ್ಕಿನ ಮಾತು.”

ರೈಲು ಬರೋಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ನನ್ನ ಟಿಕೆಟ್ಟಿನ ಹಿಂಭಾಗದಲ್ಲಿ ಗೀಟು ಎಳೆದು, ಎಡಗಡೆ ತಿಪ್ಟೂರು, ಬಲಗಡೆ ತಿಪಟೂರು ಬರೆದಳು. ಆಮೇಲೆ ಮುಂದಿನ ಸ್ಟೇಷನ್ ಯಾವುದು ಅಂತ ಕೇಳಿದಳು.